ಎತ್ತರದ ಮಗನಿಗೆ ಮೊದಲ ಮೋಟಾರ್ ಸೈಕಲ್

ಮಗನಿಗೆ ನೌಕರಿ ದೊರೆತ ಒಂದೆರಡು ತಿಂಗಳಲ್ಲಿಯೇ ಮನೆಯಲ್ಲಿ ಮೋಟಾರ್ ಸೈಕಲ್ಲಿನ ಮಾತು ಮೊದಲಾಗುತ್ತದೆ. ತಂದೆ ಮೈಲೇಜನ್ನು ವಿಚಾರಿಸುತ್ತಾರೆ. ಹಿಂದೆ ಕುಳಿತುಕೊಳ್ಳಲು ಅನುಕೂಲವಿದೆಯೇ ಎಂದು ತಾಯಿ ಕೇಳುತ್ತಾರೆ. ಮಗ ಬಣ್ಣವನ್ನೂ ಸಿಸಿಯನ್ನೂ ನೋಡುತ್ತಾನೆ, ಷೋರೂಮಿನವರು ಕಂತಿನ ಲೆಕ್ಕವನ್ನು ಮುಂದಿಡುತ್ತಾರೆ. ಆ ವಾಹನದ ಮೇಲೆ ದಿನಕ್ಕೆ ಒಂದು ಗಂಟೆಗೂ ಮಿಗಿಲಾಗಿ, ವರುಷಗಟ್ಟಲೆ ಕುಳಿತುಕೊಳ್ಳಬೇಕಾದ ದೇಹದ ಅಳತೆಯನ್ನು ಕೇಳುವವರು ಮಾತ್ರ ವಿರಳ. ಆರೋಗ್ಯ ವಿಭಾಗದಲ್ಲಿ ವಾಹನದ ವಿಚಾರವೇಕೆ ಎಂದು ಸದ್ಭಕ್ತರಲ್ಲಿ ಕೆಲವರಿಗೆ ಅನಿಸಬಹುದು. ಸೊಂಟ, ಮೊಣಕಾಲು, ಕತ್ತು ನೋಯುತ್ತದೆಂದು ನಮ್ಮಲ್ಲಿಗೆ ಬರುವ ತರುಣರ ನೋವಿನ ಮೂಲವನ್ನು ಹುಡುಕುತ್ತ ಹೋದಾಗ ಅನೇಕ ವೇಳೆ ನಾವು ಬಂದು ನಿಲ್ಲುವುದು ಹೊರಗೆ ನಿಲ್ಲಿಸಿದ ಅವರ ಬೈಕಿನ ಬಳಿ. ಆದುದರಿಂದ ಈ ವಿಷಯ ಇಲ್ಲಿಗೇ ಸಲ್ಲುತ್ತದೆ.

ಸಾಧಾರಣ ಎತ್ತರದವರಿಗೆ ಪೇಟೆಯಲ್ಲಿ ಸಿಗುವ ಯಾವ ಬೈಕಾದರೂ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಆರು ಅಡಿ ದಾಟಿದ ಹುಡುಗನ ಮಾತು ಬೇರೆ. ಅವನ ವಿಷಯದಲ್ಲಿ ಮನೆಯವರೂ ಗೆಳೆಯರೂ ಸಾಮಾನ್ಯವಾಗಿ ಆಡುವ ಮಾತೊಂದಿದೆ: ಇಷ್ಟೆತ್ತರದ ಆಳಿಗೆ ಸಣ್ಣ ಗಾಡಿ ಶೋಭಿಸದು, ದೊಡ್ಡದನ್ನೇ ಕೊಡಿಸಿರಿ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದು ಉಳಿದರ್ಧದಲ್ಲಿ. ಎತ್ತರದವನಿಗೆ ಕೈಕಾಲು ಚಾಚಲು ವಿಶಾಲವಾದ ಚೌಕಟ್ಟು ಬೇಕೆಂಬುದು ನಿಜ. ಆದರೆ ಅವನು ಹೊಸ ಸವಾರನೂ ಹೌದು. ಹೊಸ ಸವಾರನಿಗೆ ಬೇಕಾದದ್ದು ಹಗುರವಾದ ಗಾಡಿ, ಸೌಮ್ಯವಾದ ಎಂಜಿನ್. ದೇಹದ ಉದ್ದಕ್ಕೂ ಎಂಜಿನ್ನಿನ ಬಲಕ್ಕೂ ಯಾವ ಸಂಬಂಧವೂ ಇಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ಮೊದಲ ಬೈಕಾಗಿಯೇ ಭಾರವಾದ, ರಭಸದ ಗಾಡಿಯನ್ನು ಕೊಡಿಸುವುದನ್ನು ನಾವು ಒಪ್ಪುವುದಿಲ್ಲ.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಹಾಯಕವಾದ ವಿಚಾರವೊಂದಿದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯನ್ನು ಹತ್ತು ಬಗೆಯಿಂದ ಪರೀಕ್ಷಿಸಬೇಕೆಂದು ಹೇಳಿದೆ. ಅವುಗಳಲ್ಲಿ ಒಂದು ಪ್ರಮಾಣ ಪರೀಕ್ಷೆ, ಅಂದರೆ ಅಂಗಾಂಗಗಳ ಅಳತೆ. ಆ ಅಳತೆಗೆ ಆಚಾರ್ಯರು ಹೊರಗಿನ ಕೋಲನ್ನು ತರಲಿಲ್ಲ. ಪ್ರತಿಯೊಬ್ಬನನ್ನೂ ಅವನದೇ ಬೆರಳಿನ ಅಗಲದಿಂದ ಅಳೆಯಬೇಕೆಂದರು. ಹೀಗೆ ಅಳೆದಾಗ ದೇಹದ ಎತ್ತರ 84 ಅಂಗುಲವೆಂಬುದು ಚರಕರ ಲೆಕ್ಕ. (ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ವಿಶೇಷ ಗಮನ ಬೇಡುವ ಎಂಟು ಬಗೆಯ ಶರೀರಗಳನ್ನು ಹೇಳುವಾಗ ಅತಿದೀರ್ಘನನ್ನೂ ಸೇರಿಸಿದ್ದಾರೆ. ನಮ್ಮ ಎತ್ತರದ ತರುಣರು ಇದರಿಂದ ಬೇಸರಿಸಬಾರದು, ಅತಿಹ್ರಸ್ವನೂ ಅದೇ ಪಟ್ಟಿಯಲ್ಲಿದ್ದಾನೆ.) ಬೈಕನ್ನು ಆಯುವಾಗಲೂ ಈ ಸ್ವಾಂಗುಲಿ ಪ್ರಮಾಣವೇ ನಮಗೆ ಸರಿಯೆನಿಸುತ್ತದೆ. ಕಂಪನಿಯ ಕಾಗದದಲ್ಲಿನ ಅಂಕಿಗಳನ್ನು ಓದಬೇಕು. ಆದರೆ ನಿರ್ಣಯವನ್ನು ಕುಳಿತವನ ಮೊಣಕಾಲು ಮತ್ತು ಬೆನ್ನಿಗೆ ಬಿಡಬೇಕು.

ಆ ಅಂಕಿಗಳಲ್ಲಿ ಎಲ್ಲರೂ ನೋಡುವುದು ನೆಲದಿಂದ ಸೀಟಿನ ಎತ್ತರವನ್ನು. ಹೀರೋ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಇದು 785 ಮಿಲಿಮೀಟರ್, ಹೋಂಡಾ ಯೂನಿಕಾರ್ನ್‌ನಲ್ಲಿ 798, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 805, ಯಮಹಾ ಆರ್15ರಲ್ಲಿ 815, ಹೀರೋ ಎಕ್ಸ್‌ಪಲ್ಸ್ 200ರಲ್ಲಿ 825. ಗಿಡ್ಡನೆಯವರಿಗೆ ಈ ಅಂಕಿ ಬಹುಮುಖ್ಯ, ಏಕೆಂದರೆ ಅವರ ಕಾಲು ನೆಲಕ್ಕೆ ಎಟುಕಬೇಕು. ಎತ್ತರದವನಿಗೆ ಆ ಚಿಂತೆಯಿಲ್ಲ, ಯಾವ ಗಾಡಿಯ ಮೇಲೆ ಕುಳಿತರೂ ಅವನ ಎರಡೂ ಪಾದ ನೆಲ ಮುಟ್ಟುತ್ತವೆ. ಅವನ ತೊಂದರೆ ಆರಂಭವಾಗುವುದು ಪಾದವನ್ನು ನೆಲದಿಂದ ಎತ್ತಿ ಫುಟ್‌ರೆಸ್ಟಿನ ಮೇಲೆ ಇಟ್ಟಾಗ. ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ ಕಿರಿದಾಗಿದ್ದರೆ ಉದ್ದನೆಯ ಕಾಲು ಮಡಚಿಕೊಳ್ಳಲೇಬೇಕು. ಆರ್15ರ ಸೀಟು ಕ್ಲಾಸಿಕ್‌ನದಕ್ಕಿಂತ ಎತ್ತರದಲ್ಲಿದೆ. ಆದರೂ ಅದರ ಫುಟ್‌ರೆಸ್ಟ್ ಹಿಂದಕ್ಕೂ ಮೇಲಕ್ಕೂ ಸರಿದಿರುವುದರಿಂದ, ಹ್ಯಾಂಡಲ್ ಕೆಳಗಿರುವುದರಿಂದ, ಆರು ಅಡಿಯವನು ಅದರ ಮೇಲೆ ಮುದುಡಿಯೇ ಕೂಡಬೇಕಾಗುತ್ತದೆ. ಬೇಕಾದ ಈ ಅಂತರವನ್ನು ಕಂಪನಿಗಳ ಕಾಗದದಲ್ಲಿ ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಅಳೆಯುವ ಟೇಪನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದೇ ಲೇಸು.

ಮೊಣಕಾಲು ಬಹಳ ಮಡಚಿದ ಸ್ಥಿತಿಯಲ್ಲಿ ಹೊತ್ತುಗಟ್ಟಲೆ ಇದ್ದರೆ ಮಂಡಿಚಿಪ್ಪು ಅದರ ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತದೆ. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಚಿಪ್ಪಿನ ಸುತ್ತ ನೋಯುವುದಕ್ಕೆ ಇದೊಂದು ಕಾರಣ. ಮಂಡಿಯು ಸೊಂಟಕ್ಕಿಂತ ಮೇಲೆ ಬಂದಿತೆಂದರೆ ಇನ್ನೊಂದು ಹಾನಿಯೂ ಸೇರುತ್ತದೆ. ಶ್ರೋಣಿ ಹಿಂದಕ್ಕೆ ಹೊರಳಿ ಬೆನ್ನಿನ ಕೆಳಭಾಗದ ಸಹಜವಾದ ಬಾಗು ಅಳಿದು, ಬೆನ್ನು ಗೂನಾಗುತ್ತದೆ. ಆ ಗೂನು ಬೆನ್ನಿನ ಮೇಲೆ ನಮ್ಮ ರಸ್ತೆಯ ಹಂಪುಗಳೂ ಗುಂಡಿಗಳೂ ದಿನಕ್ಕೆ ಎಷ್ಟು ಸಲ ಕುಕ್ಕುತ್ತವೆಂಬುದನ್ನು ಓದುಗರೇ ಊಹಿಸಬಹುದು. ಚರಕರು ವಾತವ್ಯಾಧಿಯ ಕಾರಣಗಳನ್ನು ಹೇಳುವ 28ನೆಯ ಚಿಕಿತ್ಸಾ ಅಧ್ಯಾಯದಲ್ಲಿ ಕ್ಲೇಶಕರವಾದ ಆಸನವನ್ನೂ, ಆನೆ, ಒಂಟೆ, ಕುದುರೆಗಳಿಂದಲೂ ವೇಗದ ವಾಹನಗಳಿಂದಲೂ ಬೀಳುವುದನ್ನೂ ಸೇರಿಸಿದ್ದಾರೆ. ಕುದುರೆ ಹೋಗಿ ಮೋಟಾರ್ ಸೈಕಲ್ ಬಂದಿದೆ, ಬೆನ್ನುಮೂಳೆ ಅದೇ ಇದೆ.

ಹಾಗಾದರೆ ಸೀಟು ತಗ್ಗಾಗಿ, ಕಾಲು ಮುಂದಕ್ಕೆ ಚಾಚಿ ಆರಾಮಕುರ್ಚಿಯಂತೆ ಕೂಡಿಸುವ ಕ್ರೂಸರ್ ಮಾದರಿಯಾಗಬಹುದಲ್ಲ ಎಂದು ಕೇಳುವವರಿದ್ದಾರೆ. ಮೊಣಕಾಲಿಗೆ ಅದು ಹಿತವೇ. ಆದರೆ ಕಾಲು ಮುಂದೆ ಹೋದಾಗ ದೇಹದ ಭಾರವೆಲ್ಲ ಬಾಲಮೂಳೆಯ ಮೇಲೆ ಬೀಳುತ್ತದೆ, ಗುಂಡಿ ಬಂದಾಗ ಪಾದದ ಮೇಲೆ ಒತ್ತುಕೊಟ್ಟು ಕೊಂಚ ಎದ್ದು ನಿಲ್ಲಲು ಆಗುವುದಿಲ್ಲ, ಪೆಟ್ಟು ನೇರವಾಗಿ ಸೊಂಟಕ್ಕೆ. ನುಣುಪಾದ ಹೆದ್ದಾರಿಯವರಿಗೆ ಅದು ಇರಲಿ.

ಭಾರದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸ್ಪ್ಲೆಂಡರ್ ಸುಮಾರು 112 ಕಿಲೋ ತೂಗುತ್ತದೆ, ಯೂನಿಕಾರ್ನ್ ಸುಮಾರು 140, ಎಕ್ಸ್‌ಪಲ್ಸ್ ಸುಮಾರು 160, ಕ್ಲಾಸಿಕ್ 350 ಸುಮಾರು 195. ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಹೊಸಬ ಬೀಳುವುದು ಬಹುಮಟ್ಟಿಗೆ ನಿಂತಲ್ಲಿ ಅಥವಾ ನಿಧಾನದ ತಿರುವಿನಲ್ಲಿ. ಸಿಗ್ನಲ್ಲಿನಲ್ಲಿ ಕ್ಲಚ್ಚು ಬೇಗ ಬಿಟ್ಟು ಎಂಜಿನ್ ನಿಂತುಹೋಗುತ್ತದೆ, ಗಾಡಿ ಒಂದು ಬದಿಗೆ ವಾಲುತ್ತದೆ, ಹುಡುಗ ಒಂದೇ ಕಾಲಿನ ಮೇಲೆ ಅದನ್ನು ತಡೆಯಲು ಹೋಗುತ್ತಾನೆ. 112 ಕಿಲೋವನ್ನು ತಡೆದಾನು, 195 ಕಿಲೋವನ್ನು ತಡೆಯಹೋದವನ ಮೊಣಕಾಲು ತಿರುಚುತ್ತದೆ. ಅಂಥ ಮೊಣಕಾಲುಗಳನ್ನು ನಾವು ನೋಡಿದ್ದೇವೆ. ಉದ್ದನೆಯ, ಮಾಂಸ ತುಂಬದ ಇಪ್ಪತ್ತೆರಡರ ಕಾಲಿಗೆ ತಡೆಯುವ ಬಲ ಹೆಚ್ಚಿರುತ್ತದೆಂದು ಯಾರೂ ಭ್ರಮಿಸಬಾರದು. ಎತ್ತರ ಬೇರೆ, ಬಲ ಬೇರೆ.

ಎತ್ತರದವರಿಗೇ ವಿಶೇಷವಾದ ಮತ್ತೊಂದು ಅಪಾಯವಿದೆ, ಇದನ್ನು ಷೋರೂಮಿನಲ್ಲಿ ಯಾರೂ ತೋರಿಸುವುದಿಲ್ಲ. ಸಣ್ಣ ಗಾಡಿಯ ಮೇಲೆ ಕುಳಿತು ಹ್ಯಾಂಡಲನ್ನು ಪೂರ್ತಿ ತಿರುಗಿಸಿದರೆ ಅದರ ತುದಿ ಅವನ ಮಂಡಿಗೆ ತಾಗುತ್ತದೆ. ಓಣಿಯಲ್ಲಿ ಗಾಡಿ ತಿರುಗಿಸುವಾಗ ಹೀಗೆ ತಾಗಿತೆಂದರೆ ತಿರುವು ಅರ್ಧದಲ್ಲಿಯೇ ನಿಲ್ಲುತ್ತದೆ, ಗಾಡಿ ಮಗುಚುತ್ತದೆ. ನೋಡಲು ಹೋದಾಗ ಎರಡೂ ಬದಿಗೆ ಪೂರ್ತಿ ತಿರುಗಿಸಿ ಪರೀಕ್ಷಿಸುವುದು ಕಡ್ಡಾಯವೆಂದೇ ನಾವು ಹೇಳುತ್ತೇವೆ. ದೊಡ್ಡ ಪಾದದವರು ತಾವು ಕೆಲಸಕ್ಕೆ ಧರಿಸುವ ಬೂಟನ್ನೇ ಹಾಕಿಕೊಂಡು ಹೋಗಬೇಕು. ಗಿಯರ್ ಲಿವರಿನ ಕೆಳಗೆ ಬೂಟು ಸರಾಗವಾಗಿ ನುಸುಳದಿದ್ದರೆ ಗಿಯರು ತಪ್ಪುತ್ತದೆ.

ಕುಳಿತ ಕೂಡಲೇ ಎಲ್ಲ ಗಾಡಿಯೂ ಚೆನ್ನಾಗಿಯೇ ಇರುತ್ತದೆ. ಐದು ನಿಮಿಷಕ್ಕೆ ನೋವು ಬರುವುದಿಲ್ಲ, ಇಪ್ಪತ್ತು ನಿಮಿಷಕ್ಕೆ ಬರುತ್ತದೆ. ಆದುದರಿಂದ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಲ್ಲಿಯೇ ಆಗಲಿ, ಕಾಲು ಫುಟ್‌ರೆಸ್ಟಿನ ಮೇಲೆ, ಕೈ ಹ್ಯಾಂಡಲಿನ ಮೇಲೆ ಇಟ್ಟು ಕಾಲು ಗಂಟೆ ಕುಳಿತು ನೋಡಬೇಕು. ಮೊಣಕೈ ಸ್ವಲ್ಪ ಬಾಗಿರಬೇಕು, ಹೆಗಲು ಸಡಿಲವಾಗಿರಬೇಕು, ಅಂಗೈಯ ಮೇಲೆ ದೇಹದ ಭಾರ ಬೀಳಬಾರದು. ಭಾರ ಬಿದ್ದರೆ ಕೆಲವು ವಾರಗಳಲ್ಲಿ ಕಿರುಬೆರಳು ಜುಮುಗುಟ್ಟತೊಡಗುತ್ತದೆ. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸಿದ ತರುಣರಿಗೆ ಇದನ್ನು ತಿಳಿಯಲು ಇನ್ನೂ ಸುಲಭವಾದ ದಾರಿಯಿದೆ. ಕರಡಿಗೆ ಎದೆಗೆ ಒರಗಿ ನಿಂತಿದ್ದರೆ ಆಸನ ಸರಿಯಾಗಿದೆ. ಮುಂದೆ ಜೋತು ಟ್ಯಾಂಕಿನ ಮೇಲೆ ತೂಗಾಡುತ್ತಿದ್ದರೆ ಆ ಗಾಡಿ ನಿತ್ಯದ ಓಡಾಟಕ್ಕೆ ಆಗುವಂಥದ್ದಲ್ಲ.

ಹೆಸರು ಹಿಡಿದು ಹೇಳಿರೆಂದು ಕೇಳುವವರಿಗಾಗಿ ನಮ್ಮ ಅಭಿಪ್ರಾಯವಿದು. ಯಾವ ಕಂಪನಿಯ ಹಂಗೂ ನಮಗಿಲ್ಲ. ಹುಬ್ಬಳ್ಳಿ-ಧಾರವಾಡದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್. ಮನೆಯೂ ಕಚೇರಿಯೂ ಚಿಗರಿ ಬಸ್ಸಿನ ನಿಲ್ದಾಣಗಳ ಸಮೀಪದಲ್ಲಿದ್ದರೆ ಬೈಕಿನ ಅವಶ್ಯಕತೆಯೇ ಇಲ್ಲವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಗೋಕುಲ ರಸ್ತೆಯ ಒಳಗಿನ ಕಾರ್ಖಾನೆಗೋ ಬೇಲೂರು ಕೈಗಾರಿಕಾ ಪ್ರದೇಶಕ್ಕೋ ಪಾಳಿಯ ಮೇಲೆ ಹೋಗುವವನಿಗೆ ಬೈಕು ಬೇಕು, ಅದು ಅವನ ಕಾಯಕದ ಸಾಧನ. ಆರು ಅಡಿಯ ಆಸುಪಾಸಿನವನಾದರೆ ಯೂನಿಕಾರ್ನ್‌ನಂಥ 160 ಸಿಸಿಯ ನೆಟ್ಟನೆಯ ಆಸನದ ಗಾಡಿ ಸಾಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿರುವುದು ಈ ವರ್ಗವನ್ನು ಆಯಲು ಇನ್ನೊಂದು ಕಾರಣ. ಗಾಬರಿಯಿಂದ ಬ್ರೇಕನ್ನು ಒಮ್ಮೆಲೆ ಹಿಡಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ಅದು ನೋಡಿಕೊಳ್ಳುತ್ತದೆ, ಹೊಸಬನಿಗೆ ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆರು ಅಡಿ ಎರಡು ಮೂರು ಅಂಗುಲದವನಾದರೆ ಎಕ್ಸ್‌ಪಲ್ಸ್‌ನಂಥ, ಕಚ್ಚಾ ರಸ್ತೆಗೆಂದು ಮಾಡಿದ ಎತ್ತರದ ಗಾಡಿ ಒಗ್ಗುತ್ತದೆ. ಕಾಲಿಗೆ ಎಡೆಯಿದೆ, ಹ್ಯಾಂಡಲ್ ಅಗಲವೂ ಎತ್ತರವೂ ಆಗಿದೆ, ಎಂಜಿನ್ 200 ಸಿಸಿಯದಾದರೂ ಸೌಮ್ಯ.

ಅದಕ್ಕೊಂದು ಕೊರತೆಯೂ ಉಂಟು, ಮುಚ್ಚಿಡುವುದು ಸರಿಯಲ್ಲ. ಅಮಾವಾಸ್ಯೆಗೋ ಜಾತ್ರೆಗೋ ತಾಯಿಯನ್ನು ಮಠಕ್ಕೆ ಕರೆತರುವ ಮಗನಿಗೆ ಅದು ತೊಡಕಾಗುತ್ತದೆ. ಸೀರೆಯುಟ್ಟು ಒಂದು ಬದಿಗೆ ಕೂಡುವ, ಮಂಡಿನೋವಿನ ಅರವತ್ತರ ತಾಯಿಗೆ ಆ ಹಿಂಬದಿಯ ಸೀಟನ್ನು ಏರುವುದೇ ಪ್ರಯಾಸ. ಹಿಂದೆ ನಿತ್ಯವೂ ಹಿರಿಯರು ಕೂಡುವ ಮನೆಯಾದರೆ ಮಗ ಕೊಂಚ ಹೊಂದಿಕೊಂಡು ಯೂನಿಕಾರ್ನ್ ಮಾದರಿಯನ್ನೇ ಕೊಳ್ಳುವುದು ಲೇಸೆಂದು ನಮ್ಮ ಎಣಿಕೆ. ಷೋರೂಮಿಗೆ ತಾಯಿಯನ್ನೂ ಕರೆದೊಯ್ದು ಹತ್ತಿಸಿ ಇಳಿಸಿ ನೋಡಲಿ.

ಹೊಸದಕ್ಕೆ ಹಣವಿಲ್ಲದೆ ಮನೆಯಲ್ಲಿರುವ ಸ್ಪ್ಲೆಂಡರನ್ನೇ ಓಡಿಸಬೇಕಾದವರು ನಿರಾಶರಾಗಬೇಕಾಗಿಲ್ಲ. ಸೀಟು ಹೊಲಿಯುವವರ ಬಳಿ ಒಂದೂವರೆ ಅಂಗುಲದಷ್ಟು ಗಟ್ಟಿ ಫೋಮನ್ನು ಏರಿಸಿಕೊಂಡರೆ ಮಂಡಿಯ ಮಡಿಕೆ ಕಣ್ಣಿಗೆ ಕಾಣುವಷ್ಟು ಸಡಿಲವಾಗುತ್ತದೆ. ಮೆತ್ತನೆಯದು ಬೇಡ, ಅದು ಎರಡು ತಿಂಗಳಲ್ಲಿ ಕುಸಿಯುತ್ತದೆ. ಫುಟ್‌ರೆಸ್ಟ್ ಕೆಳಗಿಳಿಸಲು ಚೌಕಟ್ಟನ್ನು ಕೊಯ್ದು ಬೆಸುಗೆ ಹಾಕಿಸುವವರಿದ್ದಾರೆ. ಅದನ್ನು ಖಂಡಿತ ಮಾಡಿಸಬಾರದು, ಕಾನೂನೂ ಒಪ್ಪದು.

ತಪ್ಪು ಗಾಡಿಯನ್ನು ಕೊಂಡು, ನೋವು ಬಂದ ಮೇಲೆ ತೈಲ ಕೇಳಿಕೊಂಡು ಬರುವವರಿಗೆ ನಾವು ತೈಲ ಕೊಡುತ್ತೇವೆ. ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಶಾಖ ಹಿತವನ್ನೂ ಕೊಡುತ್ತವೆ. ಆದರೆ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ಕಾರಣವನ್ನು ದೂರಮಾಡುವುದು. ಬೆಳಿಗ್ಗೆ ಸೊಂಟಕ್ಕೆ ಎಣ್ಣೆ ಸವರಿಕೊಂಡು ಅದೇ ಆಸನದಲ್ಲಿ ನಲವತ್ತು ಕಿಲೋಮೀಟರ್ ಕುಕ್ಕಿಸಿಕೊಂಡು ಬರುವವನಿಗೆ ಯಾವ ಸಂಹಿತೆಯ ತೈಲವೂ ಗುಣ ಕೊಡಲಾರದು. ನೋವು ಸೊಂಟದಿಂದ ಇಳಿದು ಹಿಮ್ಮಡಿಯವರೆಗೆ ಎಳೆಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ, ಸವಾರಿಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಲಮೂತ್ರದ ಹಿಡಿತ ತಪ್ಪಿದರಂತೂ ನಮ್ಮಲ್ಲಿಗೂ ಬರದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹೆಲ್ಮೆಟ್ಟಿನ ವಿಷಯದಲ್ಲಿ ಎತ್ತರ ಗಿಡ್ಡವೆಂಬ ಭೇದವಿಲ್ಲ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು, ತಲೆಗೆ ಬಿಗಿಯಾಗಿ ಕೂಡಬೇಕು, ಪಟ್ಟಿ ಕಟ್ಟಬೇಕು. ಪೂಜೆ ಮುಗಿಸಿ ಹೊರಟ ಕೆಲವರು ಹಣೆಯ ವಿಭೂತಿ ಅಳಿಸೀತೆಂದು ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ. ವಿಭೂತಿಯನ್ನು ಕಚೇರಿ ಮುಟ್ಟಿದ ಮೇಲೆ ಮತ್ತೆ ಧರಿಸಬಹುದು.

ಗಾಡಿಯನ್ನು ಮನೆಗೆ ತರುವ ದಿನ ಪೂಜೆಗೆಂದು ಅವಸರಪಡುವ ಮುನ್ನ ಅರ್ಧ ಗಂಟೆ ಷೋರೂಮಿನ ಮೆಕ್ಯಾನಿಕ್ಕಿನೊಡನೆ ನಿಲ್ಲಬೇಕು. ಗಿಯರ್ ಲಿವರನ್ನು ಬೂಟಿನ ಅಳತೆಗೆ ಒಂದೆರಡು ಹಲ್ಲು ಮೇಲೇರಿಸಲು, ಹಿಂದಿನ ಬ್ರೇಕಿನ ಪೆಡಲನ್ನು ಪಾದದ ಕೋನಕ್ಕೆ ಹೊಂದಿಸಲು, ಕನ್ನಡಿಗಳನ್ನು ಉದ್ದ ಹೆಗಲಿನವನಿಗೆ ಹಿಂದಿನ ರಸ್ತೆ ಕಾಣುವಂತೆ ತಿರುಗಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗದು. ಇವಕ್ಕೆ ಬೇರೆ ಹಣವನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಮೊದಲ ಸರ್ವೀಸಿನವರೆಗೆ ಕಾಯಬೇಕಾದ ಕೆಲಸಗಳು ಇವಲ್ಲ, ಅಂದೇ ಆಗಬೇಕು.