ದಪ್ಪ ಬಟ್ಟೆಯೂ ಸಣ್ಣ ಸೂಜಿಯೂ

ಅರಳಗುಪ್ಪೆಯಂತಹ ತೆಂಗಿನ ಸೀಮೆಯ ಊರಿನಲ್ಲಿ ಹೊಲಿಗೆಯ ಯಂತ್ರವು ರವಿಕೆ, ಲಂಗಗಳಿಗೆ ಮಾತ್ರ ಮೀಸಲಾಗಿ ಉಳಿಯುವುದಿಲ್ಲ. ಮಗುವಿನ ಕ್ಯಾನ್ವಾಸ್ ಚೀಲವೂ ಹಾಸಿಗೆಯ ಗವಸೂ ಅದರ ಪಾಲಿಗೆ ಬರುತ್ತವೆ. ಅಟ್ಟದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಹರಿದ ಗೋಣಿಯೂ ಸರದಿಗೆ ನಿಲ್ಲುತ್ತದೆ. ಆಗಲೇ ತೊಂದರೆ ಆರಂಭ. ದಾರ ಕಡಿಯುತ್ತದೆ, ಹೊಲಿಗೆ ತಪ್ಪುತ್ತದೆ, ಕಡೆಗೆ ಸೂಜಿಯೇ ಮುರಿಯುತ್ತದೆ.

ಯಂತ್ರ ಕೆಟ್ಟಿತೆಂದು ನಿಟ್ಟುಸಿರಿಡುವ ಮುನ್ನ ಗೃಹಿಣಿಯು ಸೂಜಿಯನ್ನು ಪರೀಕ್ಷಿಸತಕ್ಕದ್ದು. ತೆಳು ಸೂಜಿ ದಪ್ಪ ಬಟ್ಟೆಯೊಳಗೆ ಬಾಗುತ್ತದೆ. ಷಟಲ್ಲಿನ ಕೊಕ್ಕೆಗೆ ದಾರ ಸಿಕ್ಕದೆ ಹೊಲಿಗೆ ತಪ್ಪುತ್ತದೆ. ಕ್ಯಾನ್ವಾಸ್, ಜೀನ್ಸ್‌ಗಳಿಗೆ 16 ಅಥವಾ 18ನೆಯ ನಂಬರಿನ ಹೊಸ ಸೂಜಿ ಬೇಕು. ದಾರ ದಪ್ಪನಾದಷ್ಟೂ ಸೂಜಿಯ ಕಣ್ಣೂ ದೊಡ್ಡದಾಗಬೇಕು. ಇಲ್ಲವಾದರೆ ದಾರ ಉಜ್ಜಿ ಎಳೆಯೇಳುತ್ತದೆ. ಅಂಗುಲಕ್ಕೆ 12 ಹೊಲಿಗೆಯ ಬದಲು 8 ಇದ್ದರೆ ಸಾಕು.

ಅಂಚಿನ ಮಡಿಕೆಯನ್ನು ಏರುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಪಾದವು ಹಿಂದಕ್ಕೆ ವಾಲುತ್ತದೆ. ಅದರ ಹಿಂಭಾಗಕ್ಕೆ ಅಷ್ಟೇ ದಪ್ಪದ ಬಟ್ಟೆಯ ತುಂಡನ್ನು ಮಡಿಸಿ ಇಟ್ಟರೆ ಪಾದ ಸಮನಾಗುತ್ತದೆ. ಅಲ್ಲಿ ತುಳಿಯುವುದನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಬಟ್ಟೆಯನ್ನು ಹಿಂದಿನಿಂದ ಎಳೆಯುವುದು ಸಲ್ಲದು. ಬಾಗಿದ ಸೂಜಿ ತಗಡಿಗೆ ಬಡಿದು ಮುರಿದರೆ ಅದರ ಚೂರು ಕಣ್ಣಿಗೆ ಹಾರೀತು.

ಯಂತ್ರ ಬಿಗಿಯಾಯಿತೆಂದು ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನು ಬಿಡುವ ಅಭ್ಯಾಸವಂತೂ ಈ ಸೀಮೆಯಲ್ಲಿ ಸುಲಭವಾಗಿ ಬರುವಂಥದು. ಸುಮಾರು 24 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ತಲೆಗೆ ತಂಪಾದುದು ಮಾಗಿಯ ಬೆಳಗಿನಲ್ಲಿ ಯಂತ್ರಕ್ಕೆ ಸಂಕೋಲೆಯಾಗುತ್ತದೆ. ಗೋಣಿಯ ನಾರಿನ ಧೂಳು ಅದಕ್ಕೆ ಅಂಟಿ ಮತ್ತಷ್ಟು ಬಿಗಿಯುತ್ತದೆ. ಹಾಗಾಗಿದ್ದರೆ ಒಲೆ, ದೀಪಗಳಿಂದ ದೂರದಲ್ಲಿ ನಾಲ್ಕಾರು ಹನಿ ಸೀಮೆಎಣ್ಣೆ ಬಿಟ್ಟು, ದಾರವಿಲ್ಲದೆ ಓಡಿಸಿ, ಕೊಳೆಯನ್ನು ಒರೆಸಿ, ಬಳಿಕ ಯಂತ್ರದ ಎಣ್ಣೆಯನ್ನೇ ಹಾಕತಕ್ಕದ್ದು.

ಇಷ್ಟಾದರೂ ಚಕ್ರ ಕೈಯಿಂದ ತಿರುಗದಿದ್ದರೆ ಬಲಾತ್ಕಾರ ಬೇಡ. ಮನೆಯ ಯಂತ್ರದ ಶಕ್ತಿಗೆ ಮಿತಿಯುಂಟು. ನೆರೆಹೊರೆಯ ರವಿಕೆಗಳನ್ನು ಹೊಲಿದು ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ಸಂಸಾರಕ್ಕೆ ಯಂತ್ರ ಒಂದು ವಾರ ನಿಂತರೂ ನಷ್ಟವೇ. ನಾಲ್ಕು ಪದರ ಗೋಣಿಗಾಗಿ ಅದನ್ನು ಪಣಕ್ಕಿಡುವುದೇಕೆ? ಅಂತಹ ಕೆಲಸಕ್ಕೆಂದೇ ಹಿರಿಯರು ದಬ್ಬಣವನ್ನೂ ಹುರಿಯನ್ನೂ ಗೂಡಿನಲ್ಲಿ ಇಟ್ಟಿರುತ್ತಾರೆ.