ತಂತಿಯ ಜಾತಿ ಕೇಳ್ಬೇಡಿ ಸ್ವಾಮಿ

ಗೆಳೆಯನೊಬ್ಬ ಹ್ಯಾಮ್ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಯ್ತು. ಇನ್ನೂ ಒಂದು ಸಲವೂ ಮೈಕ್ ಹಿಡಿದು ತನ್ನ ಕಾಲ್‌ಸೈನ್ ಹೇಳಿಲ್ಲ. ಯಾಕೆ? ಬೆಳ್ಳಿ ಲೇಪಿಸಿದ ತಂತಿ ವಿದೇಶದಿಂದ ಬರಬೇಕಂತೆ! ಬರೀ ತಾಮ್ರದಲ್ಲಿ ಲಾಸ್ ಜಾಸ್ತಿಯಂತೆ.

ಲೆಕ್ಕ ಹಾಕೋಣ ಬನ್ನಿ. 7 ಮೆಗಾಹರ್ಟ್ಸ್ ಡೈಪೋಲ್‌ಗೆ ಸುಮಾರು 20 ಮೀಟರ್ ತಂತಿ ಬೇಕು. ಈ ಆವರ್ತನದಲ್ಲಿ ಕರೆಂಟು ಹರಿಯೋದು ತಂತಿಯ ಮೈಮೇಲಷ್ಟೇ. ತಾಮ್ರದಲ್ಲಿ ಆ ಪದರ ಮಿಲಿಮೀಟರಿನ ನಲವತ್ತರಲ್ಲೊಂದು ಪಾಲು. ಆದರೂ 2 ಮಿ.ಮೀ. ದಪ್ಪದ ತಾಮ್ರದಲ್ಲಿ ಬಿಸಿಯಾಗಿ ಹೋಗೋದು 100 ವ್ಯಾಟ್‌ಗೆ ಸುಮಾರು ಒಂದೂವರೆ ವ್ಯಾಟ್. ಅಲ್ಯೂಮಿನಿಯಂ ಆದರೆ ಹೆಚ್ಚುಕಮ್ಮಿ ಎರಡು. ಬೆಳ್ಳಿಯಿಂದ ಉಳಿಯೋದು ಒಂದು ವ್ಯಾಟಿನ ಇಪ್ಪತ್ತರಲ್ಲೊಂದು ಪಾಲೂ ಅಲ್ಲ. ಆ ಕಡೆ ಕೇಳುವವರ ಕಿವಿಗೆ ಇದು ಗೊತ್ತಾಗುತ್ತಾ?

ಎಲ್ಲಾ ತಂತಿಯೂ ಒಂದೇ ಅಂತ ನಾನು ಹೇಳ್ತಿಲ್ಲ. ತುಕ್ಕು ಹಿಡಿದ ಕಬ್ಬಿಣ ನಿಜಕ್ಕೂ ಪವರ್ ನುಂಗುತ್ತೆ. ಬಾಲ್ಕನಿಯಲ್ಲಿಡುವ ಒಂದು ಮೀಟರ್ ಅಗಲದ ಲೂಪ್‌ನಲ್ಲೂ ಲೋಹ ಮುಖ್ಯ. ಡೈಪೋಲ್‌ನ ವಿಕಿರಣ ರೋಧ 70 ಓಮ್ ಆಸುಪಾಸು. ಇದರದ್ದು 7 ಮೆಗಾಹರ್ಟ್ಸ್‌ನಲ್ಲಿ ಓಮ್‌ನ ನೂರರಲ್ಲೊಂದು ಪಾಲಿಗಿಂತ ಕಮ್ಮಿ. ಅಲ್ಲಿ ದಪ್ಪ ತಾಮ್ರದ ಕೊಳವೆಯೇ ಬೇಕು.

ಆದರೆ ಟೆರೇಸ್ ಸಿಕ್ಕವರಿಗೆ ಯಾವ ನೆಪ? ಮನೆ ವೈರಿಂಗಿನ ತಾಮ್ರದ ವೈರ್ ತನ್ನಿ. ಪ್ಲಾಸ್ಟಿಕ್ ಹೊದಿಕೆ ಇರೋದರಿಂದ ಉದ್ದ ಸ್ವಲ್ಪ ಕಮ್ಮಿ ಮಾಡಿ. ಉಳಿದ ದುಡ್ಡಲ್ಲಿ ಇನ್ನೂ ಎತ್ತರದ ಕಂಬ ನಿಲ್ಲಿಸಿ. ಎತ್ತರ ಕೊಡೋ ಲಾಭ ಬೆಳ್ಳಿ ಕೊಡಲ್ಲ. ಇನ್ನೂ ಬಾರದ ತಂತಿಯ ಲಾಸ್ ನೂರಕ್ಕೆ ನೂರು.