ಮರುಮುದ್ರಣ ಕಾಣದ ರಾಗಗಳು

ಕೆಲವು ತಿಂಗಳ ಹಿಂದೆ ಜಪಾನಿನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು ನನಗೊಂದು ಸುದ್ದಿ ಕಳುಹಿಸಿದರು. ಇಪ್ಪತ್ತು ವರ್ಷಗಳ ಹಿಂದೆ ನಾನು ಟೋಕಿಯೊದ ನಕಾನೊ ಬ್ರಾಡ್‌ವೇ ಮಳಿಗೆಯಲ್ಲಿ, ಒಂದು ತಿಂಗಳ ಊಟದ ಖರ್ಚಿಗೆ ಸಮನಾದ ಹಣ ತೆತ್ತು ಕೊಂಡಿದ್ದ ವಿಡಿಯೊ ಗೇಮ್ ಸಂಗೀತದ ಸಿ.ಡಿ.ಯೊಂದು ಈಗ ಮರುಮುದ್ರಣಗೊಂಡಿದೆ, ಯಾರು ಬೇಕಾದರೂ ಸುಲಭ ಬೆಲೆಗೆ ಕೊಳ್ಳಬಹುದು ಎಂಬುದೇ ಆ ಸುದ್ದಿ. ನಾನು ಸಂತೋಷಪಡಬೇಕಿತ್ತು. ಆ ಸಂಗೀತವನ್ನು ಇನ್ನಷ್ಟು ಜನ ಕೇಳಬೇಕೆಂದು ಸ್ನೇಹಿತರ ಮುಂದೆ ಅದೆಷ್ಟೋ ಸಲ ಹೇಳಿಕೊಂಡವನು ನಾನು. ಆದರೆ ಸುದ್ದಿ ಓದಿದ ಕ್ಷಣದಲ್ಲಿ ನನಗಾದದ್ದು ಸಂತೋಷವಲ್ಲ, ಏನನ್ನೋ ಕಳೆದುಕೊಂಡ ಸಂಕಟ.

ಆ ಸಂಕಟ ಯಾವುದರದು ಎಂದು ಯೋಚಿಸಿದಾಗ ನನಗೆ ನಾಚಿಕೆಯಾಯಿತು. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ. ಸಿ.ಡಿ.ಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಇದೂ ಇನ್ನೊಂದು ಬೆಲೆಪಟ್ಟಿಯಾದೀತು.

ಈ ಬಗೆಯ ಆಲ್ಬಂಗಳ ಪರಿಚಯವಿಲ್ಲದವರಿಗಾಗಿ ಒಂದಿಷ್ಟು ಹಿನ್ನೆಲೆ. 1984ರ ಏಪ್ರಿಲ್‌ನಲ್ಲಿ, ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ತಂಡದ ಹರುಓಮಿ ಹೊಸೊನೊ ಅವರು ನಾಮ್ಕೊ ಕಂಪನಿಯ ಆಟಗಳ ಧ್ವನಿಗಳನ್ನು ಆಧರಿಸಿ ‘ವಿಡಿಯೊ ಗೇಮ್ ಮ್ಯೂಸಿಕ್’ ಎಂಬ ಧ್ವನಿಮುದ್ರಿಕೆಯನ್ನು ಆಲ್ಫಾ ರೆಕಾರ್ಡ್ಸ್ ಮೂಲಕ ಹೊರತಂದರು. ವಿಡಿಯೊ ಗೇಮ್ ಸಂಗೀತಕ್ಕೆಂದೇ ಮೀಸಲಾದ ಮೊದಲ ಆಲ್ಬಂ ಎಂದು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ. ಎರಡು ವರ್ಷಗಳ ನಂತರ ಅದೇ ಆಲ್ಫಾ ಸಂಸ್ಥೆ ಗೇಮ್ ಸಂಗೀತಕ್ಕಾಗಿಯೇ ಪ್ರತ್ಯೇಕ ಲೇಬಲ್ ಆರಂಭಿಸಿತು. 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಬಂತು. ಅದರ ಸಂಯೋಜಕ ಕೊಇಚಿ ಸುಗಿಯಾಮಾ ಆಗಲೇ ಐವತ್ತು ದಾಟಿದ, ದೂರದರ್ಶನ ಮತ್ತು ಜಾಹೀರಾತು ಸಂಗೀತದಲ್ಲಿ ಪಳಗಿದ ಕಲಾವಿದ. ಮರುವರ್ಷ ಆಗಸ್ಟ್‌ನಲ್ಲಿ ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ಆ ಸಂಗೀತದ ವಾದ್ಯವೃಂದ ಕಛೇರಿ ನಡೆಯಿತು. ಸೆಗಾ ಕಂಪನಿಯ ಎಸ್.ಎಸ್.ಟಿ. ಬ್ಯಾಂಡ್, ಟೈಟೊ ಕಂಪನಿಯ ಜುಂಟಾಟಾ ಮುಂತಾದ ತಂಡಗಳು ವೇದಿಕೆಯೇರಿದವು. ‘ಫೈನಲ್ ಫ್ಯಾಂಟಸಿ’ ಸರಣಿಗೆ ನೊಬುಒ ಉಎಮಾತ್ಸು ರಚಿಸಿದ ರಾಗಗಳನ್ನು 1991ರಲ್ಲಿ ಐರ್ಲೆಂಡಿನ ಜಾನಪದ ವಾದ್ಯಗಾರರೂ 1994ರಲ್ಲಿ ಇಟಲಿಯ ಮಿಲಾನ್ ನಗರದ ವಾದ್ಯವೃಂದವೂ ನುಡಿಸಿ ಮುದ್ರಿಸಿಕೊಟ್ಟವು. ಆಟಿಕೆಯ ಸದ್ದು ಎಂದು ಮೂಗು ಮುರಿಯಲಾಗುತ್ತಿದ್ದ ಸಂಗೀತ ಹತ್ತೇ ವರ್ಷಗಳಲ್ಲಿ ಕ್ರಮಿಸಿದ ದಾರಿ ಇದು.

ಆಟದಲ್ಲಿಯೇ ಕೇಳುವ ಸಂಗೀತವನ್ನು ಮತ್ತೆ ಹಣ ಕೊಟ್ಟು ಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಆಟದಲ್ಲಿ ಅದು ಕೇಳುತ್ತಿರಲಿಲ್ಲ. ನೂರಾರು ಯಂತ್ರಗಳು ಒಟ್ಟಿಗೆ ಅರಚುವ ಗೇಮ್ ಸೆಂಟರ್‌ನ ಗದ್ದಲದಲ್ಲಿ ಸಂಯೋಜಕ ಹೆಣೆದ ಮಂದ್ರದ ಎಳೆ ಯಾರ ಕಿವಿಗೂ ಬೀಳುವಂತಿರಲಿಲ್ಲ. ಮನೆಯಲ್ಲಿ ಆಡುವವನಿಗೋ ಶತ್ರುವಿನ ಗುಂಡಿನ ಚಿಂತೆ. ಆಟದ ಸಂಗೀತಕ್ಕೆ ಕೊನೆ ಎಂಬುದೂ ಇಲ್ಲ. ಆಡುವವನು ಗೆಲ್ಲುವವರೆಗೆ ಅಥವಾ ಸೋಲುವವರೆಗೆ ಅದು ಸುತ್ತಿ ಸುತ್ತಿ ಬರುತ್ತಲೇ ಇರಬೇಕು. ಆಲ್ಬಂ ತಯಾರಿಸಿದವರು ಸಾಮಾನ್ಯವಾಗಿ ಎರಡು ಸುತ್ತು ನುಡಿಸಿ ನಿಧಾನವಾಗಿ ಧ್ವನಿ ತಗ್ಗಿಸಿ ಮುಗಿಸುತ್ತಿದ್ದರು. ಆ ಮುಕ್ತಾಯ ಇರುವುದು ಆಲ್ಬಂನಲ್ಲಿ ಮಾತ್ರ. ಕೆಲಸದ ಸಂಗೀತವನ್ನು ಕೇಳುವ ಸಂಗೀತವಾಗಿಸಿದ್ದು ಆ ಸಣ್ಣ ನಿರ್ಧಾರ.

ಹಾಗೆ ಕೇಳಿದಾಗ ಅಚ್ಚರಿಯಾಗುತ್ತದೆ. 1983ರಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಇದ್ದದ್ದು ಐದೇ ಧ್ವನಿಮಾರ್ಗಗಳು: ಚೌಕಾಕಾರದ ತರಂಗದವು ಎರಡು, ತ್ರಿಕೋನ ತರಂಗದ್ದು ಒಂದು, ಗದ್ದಲಕ್ಕೆ ಒಂದು, ಮುದ್ರಿತ ಸದ್ದಿನ ತುಣುಕಿಗೆ ಒಂದು. ಗುಂಡು ಹಾರಿದರೆ, ನಾಯಕ ಜಿಗಿದರೆ ಅದರ ಸದ್ದಿಗೂ ಇವುಗಳಲ್ಲೇ ಜಾಗ ಬಿಡಬೇಕು. ಮೂರು ಸ್ವರಗಳ ಮೇಳ ಬೇಕಾದಾಗ ಸಂಯೋಜಕರು ಆ ಮೂರನ್ನೂ ಒಂದೇ ಮಾರ್ಗದಲ್ಲಿ ಅತಿ ವೇಗವಾಗಿ ಒಂದರ ಹಿಂದೊಂದು ನುಡಿಸಿ ಕಿವಿಗೆ ಮೇಳದ ಭ್ರಮೆ ಹುಟ್ಟಿಸುತ್ತಿದ್ದರು. 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಎಂಟು ಮಾರ್ಗಗಳಿದ್ದವು, ಆದರೆ ಧ್ವನಿಗೆಂದು ಮೀಸಲಾದ ನೆನಪಿನ ಶಕ್ತಿ 64 ಕಿಲೊಬೈಟ್ ಮಾತ್ರ. ಸಿ.ಡಿ. ಗುಣಮಟ್ಟದ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿಗೂ ಕಡಿಮೆ. ಅಷ್ಟರೊಳಗೆ ತಂತಿವಾದ್ಯ, ತಮಟೆ, ಕೊಳಲು ಎಲ್ಲವನ್ನೂ ಅಡಗಿಸಿಟ್ಟು ಅವರು ಗಂಟೆಗಟ್ಟಲೆ ಸಂಗೀತ ಕೊಟ್ಟರು.

ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. 1990ರ ದಶಕದಲ್ಲಿ ಹಾಸನದ ನಮ್ಮ ಮನೆಗೆ ‘ಟಿ.ವಿ. ಗೇಮ್’ ಎಂಬ ಪೆಟ್ಟಿಗೆ ಬಂತು. ಆ ಕಾಲದ ಮಧ್ಯಮ ವರ್ಗದ ಮಕ್ಕಳಿಗೆ ಅದರ ನೆನಪಿರುತ್ತದೆ. ಫ್ಯಾಮಿಕಾಮ್‌ನ ಅಗ್ಗದ ನಕಲು ಅದು. ಅದರೊಳಗೆ ತುರುಕುತ್ತಿದ್ದ ಹಳದಿ ಡಬ್ಬಿಗೆ ನಾವು ‘ಕ್ಯಾಸೆಟ್’ ಎನ್ನುತ್ತಿದ್ದೆವು. ಅದರ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು, ಒಳಗಿರುತ್ತಿದ್ದದ್ದು ಹತ್ತಿಪ್ಪತ್ತು. ‘ಕಾಂಟ್ರಾ’ ಆಟದ ಮೊದಲ ಕಾಡಿನ ಘಟ್ಟದ ಸಂಗೀತ ಇವತ್ತಿಗೂ ನನ್ನ ಬೆರಳಿನಲ್ಲಿ ತಾಳ ಹಾಕುತ್ತದೆ. ಆದರೆ ಅದನ್ನು ಯಾರೋ ಕುಳಿತು ರಚಿಸಿರಬೇಕು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ನಕಲು ಮಾಡಿದವರು ಅನೇಕ ಆಟಗಳ ಮೊದಲ ಪರದೆಯಿಂದ ಕಂಪನಿಯ ಹೆಸರನ್ನೇ ಅಳಿಸಿಹಾಕಿರುತ್ತಿದ್ದರು. ನಮಗೆ ಆ ಸಂಗೀತ ಫ್ಯಾನಿನ ಸದ್ದಿನಂತೆ ಯಂತ್ರದಿಂದ ತಾನೇ ಬರುವಂಥದ್ದು.

2003ರಲ್ಲಿ ಕೆಲಸದ ನಿಮಿತ್ತ ಟೋಕಿಯೊಗೆ ಹೋದೆ. ಬೆಂಗಳೂರಿನಿಂದ ಹೋದ ಅನೇಕರಂತೆ ನಿಶಿ-ಕಸಾಯಿಯಲ್ಲಿ ವಾಸ. ಒಂದು ಭಾನುವಾರ ಅಕಿಹಬಾರಾದ ಹಳೆಯ ಆಟಗಳ ಅಂಗಡಿಯೊಂದರ ಮೆಟ್ಟಿಲು ಹತ್ತುವಾಗ ಆ ಕಾಡಿನ ರಾಗ ಕಿವಿಗೆ ಬಿತ್ತು. ಅಂಗಡಿಯವನ ಬಳಿ ಕೈಸನ್ನೆಯಲ್ಲಿ, ಅರೆಬರೆ ಜಪಾನಿಯಲ್ಲಿ ವಿಚಾರಿಸಿದೆ. ಆತ ಕೋನಾಮಿ ಕಂಪನಿಯ ಸಂಗೀತಗಾರರ ‘ಕುಕೇಯಿಹಾ ಕ್ಲಬ್’ ಬಗ್ಗೆ ಹೇಳಿದ. ಕುಕೇಯಿಹಾ ಎಂದರೆ ಚೌಕಾಕಾರದ ತರಂಗ. ತಮಗೆ ಸಿಕ್ಕ ಬಡ ವಾದ್ಯದ ಹೆಸರನ್ನೇ ಆ ಜನ ತಮ್ಮ ತಂಡಕ್ಕೆ ಇಟ್ಟುಕೊಂಡಿದ್ದರು! ಕಾಂಟ್ರಾದ ಫ್ಯಾಮಿಕಾಮ್ ಆವೃತ್ತಿಗೆ ಸಂಗೀತ ಒದಗಿಸಿದವರಲ್ಲಿ ಹಿದೆನೋರಿ ಮಾಯೆಜಾವಾ ಎಂಬವರೊಬ್ಬರು ಎಂದು ತಿಳಿದಾಗ ನಾನು ಮೂವತ್ತರ ಸಮೀಪದಲ್ಲಿದ್ದೆ. ಬಾಲ್ಯದ ಒಂದು ಸದ್ದಿಗೆ ಆವತ್ತು ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿತು.

ಅಲ್ಲಿಂದ ನನ್ನ ಸಂಗ್ರಹದ ಹುಚ್ಚು ಆರಂಭವಾಯಿತು. ಜಪಾನಿನ ಸಿ.ಡಿ.ಗಳ ಬೆನ್ನಿಗೆ ‘ಓಬಿ’ ಎಂಬ ಕಾಗದದ ಪಟ್ಟಿಯೊಂದು ಸುತ್ತಿರುತ್ತದೆ. ಅದು ಹರಿಯದೆ ಉಳಿದಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಹೊಸದಾಗಿದ್ದಾಗ ಸುಮಾರು 3,000 ಯೆನ್‌ಗೆ ಮಾರಾಟವಾಗಿದ್ದ ಆಲ್ಬಂ ಗಾಜಿನ ಕಪಾಟಿನೊಳಗೆ ಅದರ ಹಲವು ಪಟ್ಟು ಬೆಲೆ ಹೊತ್ತು ಕುಳಿತಿರುತ್ತಿತ್ತು. ವಾರಾಂತ್ಯಗಳಲ್ಲಿ ನಾನು ಆ ಕಪಾಟುಗಳ ಮುಂದೆ ಸುಳಿದಾಡುತ್ತಿದ್ದೆ.

ಆದರೆ ಮನೆಗೆ ತಂದು ನಾನು ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ಜೊತೆಗಿರುತ್ತಿದ್ದ ಪುಟ್ಟ ಕೈಪಿಡಿಯೊಂದಿಗೆ. ಅದಕ್ಕೆ ಕಾರಣವಿದೆ. 1980ರ ದಶಕದಲ್ಲಿ ಜಪಾನಿನ ಅನೇಕ ಗೇಮ್ ಕಂಪನಿಗಳು ತಮ್ಮ ಸಂಯೋಜಕರ ನಿಜವಾದ ಹೆಸರನ್ನು ಆಟದಲ್ಲಿ ತೋರಿಸುತ್ತಿರಲಿಲ್ಲ. ಪ್ರತಿಸ್ಪರ್ಧಿಗಳು ಅವರನ್ನು ಸೆಳೆದುಕೊಂಡಾರು ಎಂಬ ಭಯವೇ ಇದಕ್ಕೆ ಕಾರಣ ಎನ್ನಲಾಗಿದೆ. 1987ರ ‘ರಾಕ್‌ಮ್ಯಾನ್’ ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮಾತ್ಸುಮಾಎ ಅವರ ಹೆಸರು ಆಟದೊಳಗೆ ಬಂದದ್ದು ತಮಾಷೆಯ ಅಡ್ಡಹೆಸರಿನ ಜೊತೆ. ಒಸಾಕಾದ ಸಂಗೀತ ಕಾಲೇಜಿನಲ್ಲಿ ಪಿಯಾನೊ ಕಲಿತು ಬಂದ ಯೋಕೊ ಶಿಮೊಮುರಾ 1991ರ ‘ಸ್ಟ್ರೀಟ್ ಫೈಟರ್ 2’ ಆಟದ ಬಹುಪಾಲು ಸಂಗೀತ ರಚಿಸಿದರು. ಅವರೂ ಅಲ್ಲಿ ಕಾಣಿಸಿಕೊಳ್ಳುವುದು ಅಡ್ಡಹೆಸರಿನಲ್ಲೇ. ಜಪಾನಿನ ಕೃತಿಸ್ವಾಮ್ಯ ಕಾನೂನಿನ 15ನೇ ಕಲಮಿನ ಪ್ರಕಾರ, ನೌಕರಿಯ ಭಾಗವಾಗಿ ರಚಿಸಿ ಕಂಪನಿಯ ಹೆಸರಿನಲ್ಲಿ ಪ್ರಕಟಿಸಿದ ಕೃತಿಗೆ ಕಂಪನಿಯೇ ಕರ್ತೃ. ಇಂಥ ವ್ಯವಸ್ಥೆಯಲ್ಲಿ, ಈ ರಾಗ ಇಂಥವರದು, ಗಿಟಾರ್ ನುಡಿಸಿದವರು ಇಂಥವರು ಎಂದು ಹೇಳುವ ಕೈಪಿಡಿಯ ಒಂದು ಸಾಲು ಎಷ್ಟು ದೊಡ್ಡದು ಯೋಚಿಸಿ. ಎಷ್ಟೋ ಸಂಯೋಜಕರು ಶ್ರೋತೃವಿಗೆ ಪರಿಚಯವಾದದ್ದು ಇಂಥ ಪುಟಗಳಲ್ಲಿ.

ಹಾಗಾದರೆ ಇವು ಅಲಭ್ಯವಾದದ್ದೇಕೆ? ಅಚ್ಚು ಹಾಕಿದ್ದು ಅಭಿಮಾನಿಗಳ ಸಣ್ಣ ವಲಯಕ್ಕಾಗಿ. ಆಟ ಹಳತಾದ ಕೂಡಲೇ ಅಂಗಡಿಯಿಂದ ಆಲ್ಬಂ ಹಿಂದೆ ಸರಿಯುತ್ತಿತ್ತು. ನಂತರ ಕಂಪನಿಗಳೇ ಉರುಳಿದವು. ಎಸ್.ಎನ್.ಕೆ. 2001ರಲ್ಲಿ, ಡೇಟಾ ಈಸ್ಟ್ 2003ರಲ್ಲಿ ದಿವಾಳಿಯಾದವು. 2005ರಲ್ಲಿ ಟೈಟೊ ಸ್ಕ್ವೇರ್ ಎನಿಕ್ಸ್ ವಶವಾಯಿತು. 2012ರಲ್ಲಿ ಹಡ್ಸನ್ ಕೋನಾಮಿಯೊಳಗೆ ಕರಗಿತು. ಆಟದ ಹಕ್ಕು ಒಬ್ಬರದು, ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು. ಕೆಲವು ಸಾವಿರ ಪ್ರತಿಗಳಿಗಾಗಿ ಆ ಗಂಟು ಬಿಡಿಸಲು ಯಾವ ಕಂಪನಿಗೂ ಉತ್ಸಾಹವಿಲ್ಲ. ಕಾನೂನಂತೂ ಅವಸರಪಡುವುದಿಲ್ಲ. 2018ರ ಕೊನೆಯಲ್ಲಿ ಜಪಾನ್ ಕೃತಿಸ್ವಾಮ್ಯದ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. 1990ರಲ್ಲಿ ಕಂಪನಿಯ ಹೆಸರಿನಲ್ಲಿ ಪ್ರಕಟವಾದ ಸಂಗೀತ 2060ರವರೆಗೆ ಯಾರೂ ಮುಟ್ಟದಂತೆ ಇರುತ್ತದೆ. ಅಷ್ಟರಲ್ಲಿ ಆ ತಟ್ಟೆಗಳ ಎಷ್ಟು ಪ್ರತಿಗಳು ನುಡಿಯುವ ಸ್ಥಿತಿಯಲ್ಲಿ ಉಳಿದಿರುತ್ತವೆ?

ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದಲ್ಲ, ಈ ಗೋಳೇಕೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂಪನಿಗಳು ಕೈಬಿಟ್ಟದ್ದನ್ನು ಅಭಿಮಾನಿಗಳು ಕಾನೂನನ್ನು ಲೆಕ್ಕಿಸದೆ ಉಳಿಸಿದ್ದಾರೆ. 1990ರ ದಶಕದಲ್ಲಿ ತೈವಾನ್‌ನಿಂದ ಹೊರಟ ನಕಲಿ ಸಿ.ಡಿ.ಗಳು ಈ ಸಂಗೀತವನ್ನು ಜಗತ್ತಿಗೆ ಹಂಚಿದ್ದನ್ನೂ ಅಲ್ಲಗಳೆಯಲಾಗದು. ಕಂಪನಿಗಳ ನಿಲುವೂ ಬದಲಾಗುತ್ತಿದೆ. 2019ರಲ್ಲಿ ‘ಫೈನಲ್ ಫ್ಯಾಂಟಸಿ’ ಸರಣಿಯ ಆಲ್ಬಂಗಳು ಸ್ಟ್ರೀಮಿಂಗ್ ಸೇವೆಗಳಿಗೆ ಬಂದವು. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯ ಪಥಸಂಚಲನ ಸುಗಿಯಾಮಾ ಅವರ ‘ಡ್ರ್ಯಾಗನ್ ಕ್ವೆಸ್ಟ್’ ಸಂಗೀತದೊಂದಿಗೆ ಆರಂಭವಾಯಿತು. ಎರಡು ತಿಂಗಳ ಬಳಿಕ ಅವರು ತೀರಿಕೊಂಡರು.

ಆದರೆ ಉಳಿದರ್ಧವನ್ನೂ ಗಮನಿಸಬೇಕು. 2024ರ ಅಕ್ಟೋಬರ್‌ನಲ್ಲಿ ನಿಂಟೆಂಡೊ ತನ್ನ ಆಟಗಳ ಸಂಗೀತಕ್ಕೆಂದೇ ಒಂದು ಆ್ಯಪ್ ಬಿಡುಗಡೆ ಮಾಡಿತು. ಆಟದ ಹೆಸರಿತ್ತು, ರಾಗದ ಹೆಸರಿತ್ತು, ಅಂದವಾದ ಚಿತ್ರಗಳಿದ್ದವು. ಸಂಯೋಜಕರ ಹೆಸರು ಮಾತ್ರ ಇರಲಿಲ್ಲ. ಹಾಸನದ ನಮ್ಮ ಮನೆಯ ಹಳದಿ ಡಬ್ಬಿಯಲ್ಲೂ ಅದೇ ತಾನೆ ಆಗಿದ್ದದ್ದು? ಸಂಗೀತ ಕೈಗೆಟುಕಿತು, ರಚಿಸಿದವರು ಕಾಣೆಯಾದರು. ಧ್ವನಿ ಉಳಿದರೆ ಸಾಕು ಎಂದುಕೊಂಡರೆ ನಾವು ಉಳಿಸಿದ್ದು ಅರ್ಧವನ್ನು ಮಾತ್ರ.

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಆಟಗಳ ಗತಿಯೇ ಹೀಗಿರುವಾಗ ಅವುಗಳ ಸಂಗೀತದ ಕೈಪಿಡಿಯನ್ನು ಕೇಳುವವರು ಯಾರು? ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಹಕ್ಕುದಾರರು ಹಳೆಯ ಆಲ್ಬಂಗಳನ್ನು ಮತ್ತೆ ಹೊರತರುವಾಗ ಕೈಪಿಡಿಯ ಬರಹವನ್ನೂ ಜೊತೆಗಿಡಲಿ. ಸ್ಟ್ರೀಮಿಂಗ್ ಸೇವೆಗಳು ಪ್ರತಿ ರಾಗದ ಕೆಳಗೆ ಸಂಯೋಜಕರ, ವಾದ್ಯಗಾರರ ಹೆಸರು ಹಾಕಲಿ. ಟೋಕಿಯೊದ ರಾಷ್ಟ್ರೀಯ ಡಯೆಟ್ ಗ್ರಂಥಾಲಯ, ಕ್ಯೋಟೊದ ರಿತ್ಸುಮೇಕನ್ ವಿಶ್ವವಿದ್ಯಾಲಯದ ಗೇಮ್ ಅಧ್ಯಯನ ಕೇಂದ್ರದಂಥ ಸಂಸ್ಥೆಗಳ ಸಂಗ್ರಹಕ್ಕೆ ನಮ್ಮಂಥ ಸಂಗ್ರಾಹಕರು ನೆರವಾಗಲಿ.

ಕೊನೆಯ ಮಾತು ಮೊದಲು ಅನ್ವಯಿಸುವುದು ನನಗೇ. ಮರುಮುದ್ರಣದ ಸುದ್ದಿ ಕೇಳಿ ನನಗೆ ನೋವಾದದ್ದು ನಾನು ಸಂಗೀತವನ್ನು ಪ್ರೀತಿಸಿದ್ದಕ್ಕಲ್ಲ, ಬೇರೆಯವರ ಬಳಿ ಅದು ಇಲ್ಲ ಎಂಬುದನ್ನು ಪ್ರೀತಿಸಿದ್ದಕ್ಕೆ. ಹಳೆಯದರ ಹಂಬಲದಲ್ಲಿ ಈ ಎರಡೂ ಬೆರೆತಿರುತ್ತವೆ, ಬೇರ್ಪಡಿಸುವುದು ಕಷ್ಟ. ಮೊದಲನೆಯದು ಆ ಹೆಸರುಗಳಿಗೆ ನಾವು ಸಲ್ಲಿಸುವ ಗೌರವ. ಎರಡನೆಯದು ಅವನ್ನು ನಕಾನೊದ ಗಾಜಿನ ಕಪಾಟಿನೊಳಗೇ ಇಟ್ಟು ಬೀಗ ಹಾಕುವ ಕೆಲಸ.

ಬೆಂಗಳೂರಿನಲ್ಲಿ ಧ್ವನಿಗ್ರಹಣ ಕಲಿಯುತ್ತಿರುವ ಗೆಳೆಯರ ಮಗನೊಬ್ಬ ಕಳೆದ ವರ್ಷ ಆ ಸಿ.ಡಿ. ಕೇಳಿದ್ದ. ಓಬಿ ಹರಿದೀತೆಂಬ ಭಯದಲ್ಲಿ ನೆಪ ಹೇಳಿ ಕಳುಹಿಸಿದ್ದೆ. ಮೊನ್ನೆ ಅವನನ್ನು ಮನೆಗೆ ಕರೆದು ಕೊಟ್ಟೆ. ಎರಡು ದಿನಗಳ ನಂತರ ಅವನ ಫೋನು ಬಂತು. ಮೂರನೆಯ ರಾಗದಲ್ಲಿ ಬಾಸ್ ಗಿಟಾರ್ ನುಡಿಸಿದವರು ಯಾರು ಎಂಬ ಪ್ರಶ್ನೆ. ಕೈಪಿಡಿಯ ಕೊನೆಯ ಪುಟದಲ್ಲಿ ಜಪಾನಿ ಲಿಪಿಯಲ್ಲಿದೆ, ಬಂದರೆ ಓದಿ ಹೇಳುತ್ತೇನೆ ಎಂದೆ.